ನಿನ್ನ ಮದುವೆಯ ಫೋಟೋಗಳಲ್ಲಿ ನಾನೇಕಿಲ್ಲ

ಪ್ರಿಯ ಗೆಳತಿ,

ನೀಲಿ ಛತ್ರಿ ಕ್ಷೇಮವಾಗಿದೆ. ನೀನು ಮೊದಲು ಕೇಳುವುದು ಅದನ್ನೇ ಎಂದು ಗೊತ್ತು. ಈ ಪತ್ರವನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ, ಏಕೆಂದರೆ ನಿನಗೊಬ್ಬಳಿಗೇ ಬರೆದರೆ ನೀನು ಕೂಡಲೇ ಕ್ಷಮಿಸಿಬಿಡುತ್ತೀಯೆ.

ಕಳೆದ ವಾರ ಪ್ರೌಢಶಾಲೆಯ ಹುಡುಗಿಯರೊಂದಿಗೆ ಸ್ತ್ರೀವಾದದ ಬಗ್ಗೆ, ದೇಹದ ಕುರಿತ ನಾಚಿಕೆಯ ಬಗ್ಗೆ ಮಾತನಾಡಲು ಹೋಗಿದ್ದೆ. ಹಲವರಿಗೆ ತಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸಂಖ್ಯೆ, ಎಷ್ಟೆಂಬುದು ಬಾಯಿಪಾಠವಾಗಿತ್ತು. ಆ ಸೂತ್ರದ ಮೂಲಪುರುಷ, 1830ರ ದಶಕದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ, ವೈದ್ಯನಲ್ಲ. ಖಗೋಳವನ್ನೂ ಅಂಕಿಸಂಖ್ಯೆಗಳನ್ನೂ ಅಭ್ಯಸಿಸಿದ ಅವನು ಹುಡುಕುತ್ತಿದ್ದುದು ಜನಸಮೂಹದ ಸರಾಸರಿಯನ್ನೇ ಹೊರತು ಒಬ್ಬ ಹುಡುಗಿಯ ಆರೋಗ್ಯವನ್ನಲ್ಲ ಎಂದಾಗ ಅವರು ಕಣ್ಣರಳಿಸಿ ಕೇಳಿದರು. ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಯ ಒಂದು ಪ್ರಾಂತಕ್ಕೆ 1995ರಲ್ಲಿ ಟಿವಿ ಬಂದು, 1998ರ ಹೊತ್ತಿಗೆ ಅಲ್ಲಿನ ಕೆಲವು ಶಾಲಾ ಬಾಲಕಿಯರು ತೂಕ ಇಳಿಸಲು ವಾಂತಿ ಮಾಡಿಕೊಳ್ಳತೊಡಗಿದ್ದನ್ನು ಸಂಶೋಧಕಿ ಆನ್ ಬೆಕರ್ ಅವರ ಅಧ್ಯಯನ ದಾಖಲಿಸಿದೆ ಎಂದಾಗ ಮಾತ್ರ ಯಾರೂ ತಲೆಯೆತ್ತಲಿಲ್ಲ.

ಕೊನೆಗೆ ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡೆವು. ಅದನ್ನು ಅವರಿಗೆ ಕಳುಹಿಸುವ ಮುನ್ನ ನಾನು ಚಿತ್ರದ ಅಂಚಿಗೆ ಹೆಬ್ಬೆರಳಿಟ್ಟು, ನನ್ನ ದಪ್ಪ ತೋಳು ಕಾಣದಷ್ಟು ಒಳಕ್ಕೆ ಎಳೆದೆ. ಯೋಚಿಸಿ ಮಾಡಿದ್ದಲ್ಲ, ಬೆರಳಿಗೇ ಅಭ್ಯಾಸವಾಗಿದೆ. ಸಾಲಿನ ಇನ್ನೊಂದು ತುದಿಯಲ್ಲಿ ನಿಂತಿದ್ದ ಹುಡುಗಿ ಪಕ್ಕದಿಂದ ನೋಡುತ್ತಿದ್ದಳು. "ಮೇಡಂ, ನನ್ನ ಕಡೆಯಿಂದಲೂ ಸ್ವಲ್ಪ ಕಟ್ ಮಾಡಿ" ಎಂದಳು. ನಾನು ಮಾಡಿಕೊಟ್ಟೆ.

ಒಂದು ಗಂಟೆ ಆಡಿದ ಮಾತನ್ನು ನನ್ನ ಹೆಬ್ಬೆರಳು ಒಂದು ಕ್ಷಣದಲ್ಲಿ ಅಳಿಸಿಹಾಕಿತು. ಅಂದಿನಿಂದ ಸರಿಯಾಗಿ ನಿದ್ರೆಯಿಲ್ಲ. ನಿನ್ನ ಮದುವೆಯ ಫೋಟೋಗಳಲ್ಲಿ ನಾನೇಕಿಲ್ಲ ಎಂದು ನೀನು ಎಷ್ಟೋ ಸಲ ಕೇಳಿದ್ದೀಯೆ, ಕ್ಯಾಮೆರಾ ನನ್ನ ಕೈಯಲ್ಲಿತ್ತಲ್ಲ ಎಂದು ನಾನೂ ಅಷ್ಟೇ ಸಲ ಹೇಳಿದ್ದೇನೆ. ಆದರೆ ಆ ಕ್ಯಾಮೆರಾವನ್ನು ನಾನೇ ಕೇಳಿ ಪಡೆದಿದ್ದೆ. ನಿನ್ನ ಪಕ್ಕದಲ್ಲಿ ನಿಲ್ಲುವ ಆಸೆಗಿಂತ ಕಾಣಿಸಿಕೊಳ್ಳುವ ಭಯವೇ ಆ ದಿನ ದೊಡ್ಡದಾಗಿತ್ತು.

ದೇಹವನ್ನು ಪ್ರೀತಿಸಿ ಎಂದು ಆ ಮಕ್ಕಳಿಗೆ ಹೇಳಿದ್ದೂ ತಪ್ಪೇನೋ ಎಂದು ಈಗ ಅನ್ನಿಸುತ್ತಿದೆ. ಪ್ರೀತಿಸಲಾಗದ ದಿನ ಅದೂ ಅವರ ಮೇಲೆ ಇನ್ನೊಂದು ಸೋಲಾಗಿ ಬೀಳುತ್ತದೆ. 1973ರಲ್ಲಿ ಅಮೆರಿಕದ ಇಬ್ಬರು ಸ್ತ್ರೀವಾದಿಗಳು ದಪ್ಪ ದೇಹದವರ ವಿಮೋಚನೆಗಾಗಿ ಪ್ರಣಾಳಿಕೆ ಬರೆದಾಗ ಕನ್ನಡಿಯ ಮುಂದಿನ ಪ್ರೀತಿಯನ್ನು ಕೇಳಿರಲಿಲ್ಲ. ಮನುಷ್ಯರಿಗೆ ಸಲ್ಲುವ ಗೌರವವನ್ನು, ಸಮಾನ ಹಕ್ಕನ್ನು ಕೇಳಿದ್ದರು. ಆ ಹುಡುಗಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ: ನಿನ್ನ ತೋಳು ನಿನಗೆ ಇಷ್ಟವಾಗದಿದ್ದರೂ ಈ ಚಿತ್ರದಲ್ಲಿ ಅದಕ್ಕೆ ಜಾಗವಿದೆ. ಕತ್ತರಿಸದ ಫೋಟೋವನ್ನು ನಿನ್ನೆ ಎಲ್ಲರಿಗೂ ಮತ್ತೆ ಕಳುಹಿಸಿ, ಕ್ಷಮೆಯನ್ನೂ ಕೇಳಿದೆ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ, ಸಾಕು. ಮುಂದಿನ ತಿಂಗಳು ಬರುತ್ತೇನೆ. ಕ್ಯಾಮೆರಾ ನಿನ್ನ ಕೈಯಲ್ಲಿರಲಿ, ಛತ್ರಿ ನನ್ನ ಕೈಯಲ್ಲಿರಲಿ. ಅದನ್ನು ತೆರೆಯುವ ಅಧಿಕಾರ ಮಾತ್ರ ನಿನಗಿನ್ನೂ ಇಲ್ಲ, ಏಕೆಂದು ನಿನಗೇ ಗೊತ್ತು.

ನಿನ್ನವಳು