ಹುಬ್ಬಳ್ಳಿ ಬಸ್ಸು ಸಮುದ್ರಕ್ಕ ಹೋಗತೈತಿ

ಎಲ್ಲಾರಿಗೂ ನಮಸ್ಕಾರ್ರೀ. ಊರು ಬಿಟ್ಟು ದೂರ ಇರೋ ನಮ್ಮ ಕನ್ನಡ ಮಂದಿ ಸುದ್ದಿಪತ್ರದ ರಾಜ್ಯೋತ್ಸವದ ಸಂಚಿಕಿ ನಾಳೆ ಮುಂಜಾನೆ ಪ್ರಿಂಟಿಗೆ ಹೋಗಬೇಕು, ಉಳದ ಪುಟ ಎಲ್ಲಾ ರೆಡಿ ಅದಾವು, ಸಂಪಾದಕೀಯದ ಜಾಗಾ ಒಂದೇ ಖಾಲಿ ಐತಿ. ದಸರಾಕ್ಕ ಊರಿಗೆ ಹೋಗಿ ಬಂದಾಗಿಂದ ನನ್ನ ತಲಿಯೊಳಗ ಕಾರವಾರ ಕುಂತೈತಿ, ಅದನ್ನ ಬರದುಬಿಡ್ತೀನಿ.

ಹೋಗೋಕ ಕಾರಣ ಆದದ್ದು ನಮ್ಮ ಕನ್ನಡ ಕ್ಲಾಸಿನ ಒಬ್ಬ ಸಣ್ಣ ಹುಡುಗ. ನಮ್ಮೂರಿನ ಚಿತ್ರಾ ತಗೀರಿ ಅಂದ್ರ ಗದಗಿನ ಕಡೆ ಮಂದಿ ಮನಿ ಹುಡುಗ ಹಾಳಿ ತುಂಬ ನೀಲಿ ಬಳದು ಸಮುದ್ರ ಮಾಡಿದ್ದ. ಬಾಜೂಕ ಕುಂತ ಹುಡುಗಿ ಗದಗಿನಾಗ ಎಲ್ಲೈತಿ ಸಮುದ್ರ ಅಂತ ಕೇಳಿದ್ಲು, ಅದಕ್ಕ ಅವ "ನಮ್ಮಜ್ಜನ ಊರಿನ ಬಸ್ಸು ಅಲ್ಲಿಗೇ ಹೋಗತೈತಿ" ಅಂದ. ಅಂವಾ ಹೇಳಿದ್ದು ಖರೇ ಐತ್ರಿ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಮಂದಿಗೆ ಸಮುದ್ರ ಅಂದ್ರ ಕಾರವಾರ. 1956ರ ನವೆಂಬರ್ 1ಕ್ಕ ಮುಂಬೈ ರಾಜ್ಯದಿಂದ ಧಾರವಾಡ ಜಿಲ್ಲಾನೂ ಕಾರವಾರ ಇರೋ ಉತ್ತರ ಕನ್ನಡ ಜಿಲ್ಲಾನೂ ಕೂಡೇ ಈಗಿನ ಕರ್ನಾಟಕಕ್ಕ ಬಂದ್ವು. ಅಷ್ಟ ಅಲ್ಲ, ಧಾರವಾಡದ ಸೋಮೇಶ್ವರ ಗುಡಿ ಹತ್ರ ಹುಟ್ಟೋ ಶಾಲ್ಮಲಾ ಕಲಘಟಗಿ ಕಡೆ ಬೇಡ್ತಿ ಕೂಡಿಕೊಂಡು, ಯಲ್ಲಾಪುರದ ಮಾಗೋಡಿನಾಗ ಸುಮಾರು 200 ಮೀಟರ್ ಕೆಳಗ ಧುಮುಕಿ, ಗಂಗಾವಳಿ ಅನ್ನೋ ಹೆಸರಿಲೆ ಅಂಕೋಲಾ ತಾಲೂಕಿನಾಗ ಸಮುದ್ರ ಸೇರತೈತಿ. ಅಂದ್ರ ಧಾರವಾಡದ ಮ್ಯಾಲೆ ಬಿದ್ದ ಮಳಿ ನೀರಿನಾಗ ಒಂದಿಷ್ಟು ಹೋಗೋ ದಾರೀನೂ ಅದೇ.

ಹಂಗಾಗಿ ಈ ಸರ್ತಿ ಊರಿಗೆ ಹೋದಾಗ ನಾನು, ನನ್ನ ತಂಗಿ ಇಬ್ಬರೂ ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು ಕೆಂಪು ಬಸ್ಸಿನಾಗ ಹೊಂಟ್ವಿ. ಮನಿಯಾಗ ಎಲ್ಲಾರೂ ಕಾರು ಮಾಡ್ಕೊಂಡು ಹೋಗ್ರಿ, ರಿಸಾರ್ಟ್ ಬುಕ್ ಮಾಡ್ರಿ, ಹೆಣ್ಮಕ್ಕಳು ಇಬ್ಬರ ಅಂದ್ರು, ನಾವು ಕೇಳಲಿಲ್ಲ. ತಂಗಿ ಆಧಾರ್ ತೋರಿಸಿ ಹೆಣ್ಮಕ್ಕಳಿಗೆ ಪುಕ್ಕಟೆ ಕೊಡೋ ಶಕ್ತಿ ಟಿಕೆಟ್ ತಗೊಂಡ್ಲು, ನನ್ನ ಹತ್ರ ಇಲ್ಲಿನ ಕಾರ್ಡು ಅಷ್ಟ ಇರೋದರಿಂದ ನಾ ರೊಕ್ಕಾ ಕೊಟ್ಟೆ. ಕಲಘಟಗಿ ದಾಟೋತನಕ ಗೋವಿನಜೋಳ, ಹತ್ತಿ, ಆಮ್ಯಾಲೆ ಕಿರವತ್ತಿಯಿಂದ ಸಾಗವಾನಿ, ಯಲ್ಲಾಪುರದಾಗ ಚಾ, ಅರಬೈಲ್ ಘಾಟು ಇಳಿಯೋ ಮುಂದ ಕಿವಿ ಮುಚ್ಚಿಕೊಂಡು ಗಾಳಿ ಒಮ್ಮೆಲೆ ದಪ್ಪ ಆಗತೈತಿ, ಕುಪ್ಪಸ ಬೆನ್ನಿಗೆ ಅಂಟತೈತಿ, ಗೊತ್ತಿದ್ದವರಿಗೆ ಗೊತ್ತು. ಹುಬ್ಬಳ್ಳಿ ಅಂಕೋಲಾ ರೈಲು ನಮ್ಮಪ್ಪನ ಕಾಲದಿಂದ ಕೇಳಾಕತ್ತೀವಿ, ಇನ್ನೂ ಆಗಿಲ್ಲ, ಆ ಕಾಡು ನೋಡಿದ ಮ್ಯಾಲೆ ಅದನ್ನ ಕಡದು ರೈಲು ಬ್ಯಾಡ ಅಂತ ನನಗನಸ್ತೈತಿ, ನಿಮ್ಮ ಅಭಿಪ್ರಾಯ ಬ್ಯಾರೆ ಇದ್ರ ಬರೀರಿ, ಹಾಕ್ತೀನಿ.

ನಾವು ಸಣ್ಣವರಿದ್ದಾಗ ನಮ್ಮ ಕಾಕಾಗ ಕಾರವಾರದಾಗ ಸರ್ಕಾರಿ ನೌಕರಿ ಇತ್ತು, ಅಲ್ಲೇ ಕೋಡಿಬಾಗದಾಗ ಹಂಚಿನ ಮನಿ. ಬ್ಯಾಸಗಿ ಸೂಟಿಗೆ ಅವ್ವ ನಮ್ಮನ್ನ ಕರ್ಕೊಂಡು ಹೋಗಿದ್ಲು, ಅಕಿಗೂ ಸಮುದ್ರ ನೋಡೋದು ಅದೇ ಮದಲು. ರಾತ್ರಿಯೆಲ್ಲಾ ಕುಂತು ರೊಟ್ಟಿ ಬಡದು, ಶೇಂಗಾ ಹಿಂಡಿ, ಮಾದ್ಲಿ ಎಲ್ಲಾ ಬಿಳಿ ಅರಬಿಯೊಳಗ ಗಂಟು ಕಟ್ಟಿದ್ಲು. ಘಾಟಿನಾಗ ನಮಗೆಲ್ಲಾ ವಾಂತಿ, ಅವ್ವ ನಿಂಬಿಹಣ್ಣು ಮೂಗಿಗೆ ಹಿಡ್ಯಾಕಿ. ಬಿಣಗಾ ದಾಟಿ ತಿರುವು ಬಂದ ಕೂಡ್ಲೇ ಎಡಕ್ಕ ಪೂರಾ ಸಮುದ್ರ ಬಿಚ್ಚಿಕೊಳ್ತು, ಬಸ್ಸಿನಾಗ ಹುಡುಗರೆಲ್ಲಾ ಒದರಿದ್ವಿ, ಅವ್ವ ಮಾತ್ರ ಒಂದು ಮಾತು ಆಡಲಿಲ್ಲ. ಸಂಜೀಕ ಕಾಕಾ ದಂಡಿಗೆ ಕರ್ಕೊಂಡು ಹೋದಾಗ ಅಕಿ ಸೀರಿ ನೆರಗಿ ಎತ್ತಿ ಹಿಡದು ನೀರಿಗೆ ಇಳದು, ಬೊಗಸಿಯೊಳಗ ನೀರು ತಗೊಂಡು ನಾಲಗಿಗೆ ಹಚ್ಚಿ ನೋಡಿದ್ಲು. ಆಮ್ಯಾಲೆ ಕಾಕಾನ್ನ ಕೇಳಿದ್ಲು, ಆಚಿ ದಂಡಿಗೆ ಯಾವೂರು ಬರತೈತಿ? ಕಾಕಾ, "ಅರಬಸ್ತಾನ ವೈನಿ" ಅಂದ. ಅವ್ವ ಬಾಳೊತ್ತು ನಿಂತಲ್ಲೇ ನಿಂತು, "ಉಣಕಲ್ ಕೆರಿಯಾಗ ಆಚಿ ದಂಡಿ ಕಾಣತಿತ್ತಪಾ, ಇಲ್ಲಿ ಏನೂ ಕಾಣವಲ್ದು" ಅಂದ್ಲು. ಕತ್ತಲಿ ಆದ್ರೂ ಏಳಲಿಲ್ಲ, ಅಲ್ಲೇ ಉಸುಕಿನಾಗ ಕುಂತು ಗಂಟು ಬಿಚ್ಚಿ ನಮಗ ರೊಟ್ಟಿ ಕೊಟ್ಲು, ಹಿಂಡಿಯೊಳಗ ಉಸುಕು ಬಿದ್ದು ಹಲ್ಲಿನಾಗ ಕರಕರ ಅನ್ನೋದು. ಅವ್ವ ಈಗಿಲ್ಲ. ಊರಿಗೆ ಹೋದಾಗೆಲ್ಲಾ ಅಕಿ ಗೋರಿಗೆ ಹೋಗಿ ಹೂವು ಏರಿಸಿ ಬರ್ತೀವಿ, ಈ ಸರ್ತಿ ಅಕಿ ಕುಂತ ದಂಡಿಗೂ ಹೋಗಿ ಬರೋಣು ಅಂತ ತಂಗಿ ಅಂದಿದ್ದು.

ಆ ತಿರುವು ಈಗ ಸಿಗೋದಿಲ್ಲ, ಹೈವೇ ಸುರಂಗದೊಳಗಿಂದ ಹೋಗತೈತಿ. ಅರ್ಗಾದ ದಂಡಿನೂ ನೌಕಾನೆಲೆ ಬೇಲಿ ಆಚಿ, ಅದಕ್ಕ ಜಾಗಾ ಬಿಟ್ಟುಕೊಟ್ಟ ಊರ ಮಂದೀನ್ನ ನಾವು ನೆನಸಬೇಕು. ಬಸ್‌ಸ್ಟ್ಯಾಂಡಿನ ಹತ್ರ ಒಂದು ಸಣ್ಣ ಲಾಡ್ಜಿನಾಗ ರೂಮ್ ಹಿಡದ್ವಿ, ಕಿಟಕಿ ಸರಳೆಲ್ಲಾ ಉಪ್ಪಿನ ಗಾಳಿಗೆ ತುಕ್ಕು ಹಿಡದು ಕೈ ಇಟ್ರ ಕೆಂಪು ಪುಡಿ ಉದುರೋದು. ದಂಡಿಗೆ ಅಲ್ಲಿಂದ ನಡಕೊಂಡೇ ಹೋಗಬಹುದು. ಟಾಗೋರರ ಹೆಸರಿನ ಬೀಚ್ ಅದು, ಅವರಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್ ಇದ್ದಾಗ 1883ರಾಗ ಬಂದು ಉಳದು ಒಂದು ನಾಟಕಾನೇ ಬರದಾರ, ಆವಾಗ ಅವರಿಗೆ 22 ವರ್ಷ. ಬಾಜೂಕ ಚಪಲ್ ಯುದ್ಧನೌಕಿ ಮ್ಯೂಸಿಯಂ, ಹುಡುಗರಿಗೆ ತಪ್ಪದ ತೋರಿಸ್ರಿ. ಕೋಡಿಬಾಗತನಕ ನಡದ್ವಿ. ಕಾಕಾನ ಹಂಚಿನ ಮನಿ ಇದ್ದಲ್ಲಿ ಅಪಾರ್ಟ್‌ಮೆಂಟ್ ಎದ್ದೈತಿ. ಕಾಳಿ ನದಿ ಮ್ಯಾಲಿನ ಹಳೇ ಸೇತುವಿ 2024ರ ಆಗಸ್ಟ್ 7ರ ನಡುರಾತ್ರಿ ಬಿದ್ದದ್ದು ನೀವೆಲ್ಲಾ ಟಿವಿಯಾಗ ನೋಡೀರಿ, ಆ ಸೇತುವಿ ಮ್ಯಾಲೆ ನಿಂತು ಅಪ್ಪ ನಮಗ ಸದಾಶಿವಗಡ ತೋರಿಸಿದ್ದ. ಸೇತುವಿ ಜೋಡಿ ನದಿಗೆ ಬಿದ್ದ ಲಾರಿ ಡ್ರೈವರ್‌ನ ಪೊಲೀಸ್ರು, ಮೀನುಗಾರರು ಸೇರಿ ಉಳಿಸಿದ್ರು, ಅದೊಂದು ಪುಣ್ಯಾ.

ಮುಂಜಾನೆ ಬನ್ಸ್ ತಿನ್ನೋಕ ಹೋದ ಖಾನಾವಳಿಯಾಗ ಒಬ್ಬ ಅಕ್ಕಾರು ನಮ್ಮ ಮಾತು ಕೇಳಿ ಕೊಂಕಣಿ ಬಿಟ್ಟು ಕನ್ನಡದಾಗ "ಹುಬ್ಬಳ್ಳಿಯವ್ರಾ?" ಅಂತ ಕೇಳಿದ್ರು. ಅವರ ಮಗಳು ಕರ್ನಾಟಕ ಯುನಿವರ್ಸಿಟಿಯಾಗ ಓದಾಕತ್ತಾಳಂತ, ಯಜಮಾನ್ರ ಆಪರೇಷನ್ ಹುಬ್ಬಳ್ಳಿ ಕಿಮ್ಸ್‌ದಾಗ ಆಗೇತಂತ, ಜಮೀನಿನ ಕೇಸು ಹೈಕೋರ್ಟಿನ ಧಾರವಾಡ ಪೀಠದಾಗ ಐತಂತ. ನಾವು ಅವರ ದಂಡಿಗೆ ಹೋಗ್ತೀವಿ, ಅವರು ದವಾಖಾನಿಗೆ, ಕಾಲೇಜಿಗೆ, ಕೋರ್ಟಿಗೆ ನಮ್ಮೂರಿಗೆ ಬರ್ತಾರ. ಕಾರಿನಾಗ ಹೋಗಿದ್ರ ಈ ಮಾತು ಎಲ್ಲಿ ಸಿಗತಿತ್ತು ಹೇಳ್ರಿ. ಎದ್ದು ಬರೋವಾಗ ಕೋಕಂ ಸಿಪ್ಪಿ ಒಂದು ಪುಡಿಕಿ ಕಟ್ಟಿ ಕೊಟ್ರು, ರೊಕ್ಕಾ ತಗೊಳ್ಳಲಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ದೋಣಿ ಹತ್ತೋದಾದ್ರ ಲೈಫ್ ಜಾಕೆಟ್ ಇಲ್ಲದ ಹತ್ತಬ್ಯಾಡ್ರಿ, ಅವಸರ ಮಾಡಿದ್ರ ಇಳದುಬಿಡ್ರಿ. 2019ರ ಜನವರಿಯಾಗ ಕಾರವಾರದ ಹತ್ರದ ಕೂರ್ಮಗಡ ದ್ವೀಪದ ಜಾತ್ರಿ ದೋಣಿ ಮುಳುಗಿ 16 ಮಂದಿ ಹೋದ್ರು, ಅದರಾಗ ಹಾವೇರಿ ಜಿಲ್ಲಾದವರು ಬಾಳ ಇದ್ರು, ಸಣ್ಣ ಹುಡುಗರೂ ಇದ್ರು.

ಜಾಗಾ ಮುಗೀತಾ ಬಂತು, ಸೂಚನೆ ಬೇಗ ಬೇಗ ಬರೀತೀನಿ. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಪ್ರತಿ ಸರ್ತಿ ಮಾಡೋ ಹಾಲಿನಾಗೇ, ಮಧ್ಯಾಹ್ನ ಮೂರಕ್ಕ ಬಾಗಲಾ ತಗೀತಾರ, ಧ್ವಜ ಏರಿಸಿದ ಮ್ಯಾಲೆ ಹುಡುಗರ ಕಾರ್ಯಕ್ರಮ, ಹಾಡು ಹೇಳೋರು ಟ್ರ್ಯಾಕ್ ಗುರುವಾರದೊಳಗ ಕಳಸ್ರಿ. ಊಟ ಈ ಸರ್ತಿ ನಾವ ಮಾಡೋದು, ಮಿರ್ಚಿ ಗಿರ್ಮಿಟ್ ಹೊಣಿ ಧಾರವಾಡದವರು ಹೊತ್ತಾರ, ಎಣಗಾಯಿ ಪಲ್ಯಾಕ್ಕ ಇನ್ನೂ ಯಾರೂ ಇಲ್ಲ. ಕನ್ನಡ ಕ್ಲಾಸು ದೀಪಾವಳಿ ವಾರ ಇರೋದಿಲ್ಲ. ಮೆಂಬರ್‌ಶಿಪ್ ರಿನ್ಯೂ ಮಾಡಸದವರು ಬಾಗಲದಾಗೇ ಮಾಡಸಬಹುದು. ಅಂದು ಕುರ್ಚಿ ಹಾಕಾಕ, ಪಾತ್ರಿ ತೊಳ್ಯಾಕ ಮಂದಿ ಬೇಕು.

ಇನ್ನ ಈ ಸುದ್ದಿಪತ್ರದ ವಿಷಯ. ಟೈಪ್ ಮಾಡೋದು, ಪ್ರೂಫ್ ನೋಡೋದು, ಪುಟ ಕಟ್ಟೋದು, ಲಕೋಟಿಗೆ ಹಾಕೋದು ಎಲ್ಲಾ ಈಗ ಒಬ್ಬಾಕಿ ಮ್ಯಾಲೆ ಬಿದ್ದೈತಿ, ಆಫೀಸು ಮುಗಿಸಿ ರಾತ್ರಿ ಕುಂತು ಮಾಡ್ತೀನಿ, ದಣಿವಾಗೇತ್ರಿ. ಕನ್ನಡದಾಗ ಟೈಪ್ ಮಾಡಾಕ ಬರೋ ಒಬ್ಬರು ವಾರಕ್ಕ ಒಂದು ತಾಸು ಕೊಟ್ರ ಸಂಕ್ರಾಂತಿ ಸಂಚಿಕಿ ಹೊಂಡತೈತಿ, ಇಲ್ಲಂದ್ರ ಹೊಂಡಸೋದು ಕಷ್ಟ ಐತಿ. ಕಾಲೇಜು ಹುಡುಗ್ರು ಆದ್ರೂ ನಡೀತೈತಿ, ನಾ ಕಲಸಿ ಕೊಡ್ತೀನಿ. ಡಿಸೆಂಬರ್ ಸೂಟಿಗೆ ಊರಿಗೆ ಹೋಗೋ ಮನಿಯವರು ಹುಡುಗರನ್ನ ಹುಬ್ಬಳ್ಳಿಯಿಂದ ಕಾರವಾರದ ಬಸ್ಸು ಹತ್ತಿಸ್ರಿ, ಕಿಟಕಿ ಸೀಟ್ ಅವರಿಗೇ ಬಿಟ್ಟುಕೊಡ್ರಿ, ಬಂದ ಮ್ಯಾಲೆ ಕಂಡದ್ದು ಅವರ ಕೈಯಿಂದಾನೇ ಬರಸಿ ನನಗ ಕಳಸ್ರಿ. ಅಕ್ಷರ ತಪ್ಪಿದ್ರೂ ಚಿಂತಿ ಇಲ್ಲ, ಒಂದು ಪೂರಾ ಪುಟ ಅವರಿಗೇ ಇಟ್ಟೀನಿ.