ಸಿಂಗಾಪುರದ ಹಾಕರ್ ಸೆಂಟರ್‌ಗಳೂ ನಮ್ಮ ತಳ್ಳುಗಾಡಿಯವರೂ

ಸಂಪಾದಕರಿಗೆ ನಮಸ್ಕಾರ,

ಸಿಂಗಾಪುರ ನೋಡ್ಕೊಂಡು ಬಂದ ನಮ್ಮೂರಿನ ಬಹಳ ಜನ ಅಲ್ಲಿ ಊಟಕ್ಕೇ ದುಡ್ಡೆಲ್ಲ ಖಾಲಿ ಅಂತಾರೆ. ಟೂರ್ ಪ್ಯಾಕೇಜ್‌ನವರು ಕರ್ಕೊಂಡು ಹೋಗೋ ರೆಸ್ಟೋರೆಂಟ್‌ನಲ್ಲಿ ತಿಂದ್ರೆ ಹಾಗೇ ಆಗೋದು. ಸಿಂಗಾಪುರದಲ್ಲೇ ಕೆಲಸ ಮಾಡ್ಕೊಂಡಿರೋ ನನ್ನಂಥವರು, ಇಲ್ಲಿನ ಆಫೀಸ್‌ನವರು, ಟ್ಯಾಕ್ಸಿಯವರು, ನಿವೃತ್ತರು ಎಲ್ಲ ಮಧ್ಯಾಹ್ನ ಹೋಗೋದು ಹಾಕರ್ ಸೆಂಟರ್‌ಗೆ, ಅಂದ್ರೆ ಒಂದೇ ಸೂರಿನಡಿ ಸಾಲಾಗಿ ಸಣ್ಣ ಸಣ್ಣ ಊಟದ ಅಂಗಡಿ ಇರೋ ಜಾಗಕ್ಕೆ. ಅಲ್ಲಿ ನಾಲ್ಕೈದು ಸಿಂಗಾಪುರ ಡಾಲರ್‌ಗೆ ಹೊಟ್ಟೆ ತುಂಬತ್ತೆ.

ಅಲ್ಲಿನ ಅನ್ನದ ಅಂಗಡೀಲಿ ಗಾಜಿನ ಹಿಂದೆ ಇಪ್ಪತ್ತು ಥರದ ಪಲ್ಯ, ಸಾರು, ತೋಫು, ಮೀನು ಟ್ರೇನಲ್ಲಿ ಇಟ್ಟಿರ್ತಾರೆ, ಬೆರಳು ತೋರಿಸಿದ್ರೆ ಆಂಟಿ ಅನ್ನದ ಮೇಲೆ ಬಡಿಸಿ ಕಣ್ಣಲ್ಲೇ ಲೆಕ್ಕ ಹಾಕಿ ರೇಟ್ ಹೇಳ್ತಾರೆ. ಸಸ್ಯಾಹಾರಿಗಳಿಗೂ ಎಷ್ಟೋ ಸೆಂಟರ್‌ಗಳಲ್ಲಿ ಪ್ರತ್ಯೇಕ ಚೈನೀಸ್ ವೆಜ್ ಅಂಗಡಿ ಇರತ್ತೆ, ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್‌ಗೆ ಹೋದ್ರೆ ದೋಸೆ, ಪರೋಟನೂ ಸಿಗತ್ತೆ. ತಿಂದ ತಟ್ಟೆ ನಾವೇ ವಾಪಸ್ ಇಡ್ಬೇಕು, 2021ರಿಂದ ಅದು ಕಡ್ಡಾಯ.

ಈ ಅಗ್ಗದ ಊಟ ತಾನಾಗೇ ಬಂದಿದ್ದಲ್ಲ. 1960ರ ದಶಕದಲ್ಲಿ ಇಲ್ಲೂ ರಸ್ತೆ ಬದೀಲೇ ಒಲೆ, ಚರಂಡಿ ಪಕ್ಕದಲ್ಲೇ ಪಾತ್ರೆ ತೊಳೆಯೋದು ಇತ್ತು. 1968-69ರಲ್ಲಿ ಸರ್ಕಾರ ಬೀದಿ ವ್ಯಾಪಾರಿಗಳನ್ನ ನೋಂದಣಿ ಮಾಡ್ತು, 1971ರಿಂದ 1986ರವರೆಗೆ ಸೂರು, ನಲ್ಲಿ, ಕರೆಂಟ್, ಚರಂಡಿ ಎಲ್ಲ ಇರೋ ಸೆಂಟರ್ ಕಟ್ಟಿ ಅವರನ್ನ ಅಲ್ಲಿಗೆ ಕರ್ಕೊಂಡ್ಬಂತು. ಅದೂ ಜನ ವಾಸ ಮಾಡೋ ಫ್ಲಾಟ್‌ಗಳ ಪಕ್ಕದಲ್ಲೇ, ಎಷ್ಟೋ ಕಡೆ ತರಕಾರಿ ಮಾರ್ಕೆಟ್ ಜತೆಗೇ. ಈಗ ಅಂಥವು ನೂರಕ್ಕೂ ಹೆಚ್ಚಿವೆ, 2020ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೂ ಈ ಹಾಕರ್ ಸಂಸ್ಕೃತಿ ಸೇರ್ತು.

ಹಾಗಂತ ಇಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ಬೀದಿಯಿಂದ ಬಂದ ಮೊದಲ ತಲೆಮಾರಿನವರಿಗೆ ಬಾಡಿಗೇಲಿ ಸಬ್ಸಿಡಿ ಸಿಕ್ತು, ಹೊಸಬರು ಟೆಂಡರ್ ಹಾಕ್ಬೇಕು, 2024ರಲ್ಲಿ ಒಂದು ಅಂಗಡಿಗೆ ತಿಂಗಳಿಗೆ 10 ಸಾವಿರ ಡಾಲರ್ ದಾಟಿ ಬಿಡ್ ಬಂತು. ಅಷ್ಟು ಬಾಡಿಗೆ ಕಟ್ಟಿ ನಾಲ್ಕು ಡಾಲರ್‌ಗೆ ಊಟ ಕೊಡೋದು ಹೇಗೆ? ಹಳಬರಿಗೆ ವಯಸ್ಸಾಗ್ತಿದೆ, ಬೆಳಗಿನ ಜಾವಕ್ಕೇ ಎದ್ದು ಇಡೀ ದಿನ ಒಲೆ ಮುಂದೆ ನಿಲ್ಲೋ ಕೆಲಸ ಮಕ್ಕಳಿಗೆ ಬೇಡ. ಐವತ್ತು ಸೆಂಟ್ ಜಾಸ್ತಿ ಮಾಡಿದ್ರೆ ಗೊಣಗೋ ಗಿರಾಕಿಗಳನ್ನ ಕಂಡ್ರೆ ನನಗೆ ಬೇಜಾರಾಗತ್ತೆ, ಊಟ ಅಗ್ಗ ಇರ್ಬೇಕು ಅಂದ್ರೆ ಬಾಡಿಗೆ ಇಳೀಬೇಕು, ಅದರ ಭಾರ ಅಡುಗೆ ಮಾಡೋರ ಬೆನ್ನ ಮೇಲೆ ಬೀಳಬಾರ್ದು.

ಬೆಂಗಳೂರಲ್ಲಿ ಫುಟ್‌ಪಾತ್ ತೆರವು ಅಂತ ಸುದ್ದಿ ಓದಿದಾಗೆಲ್ಲ ಇದನ್ನ ಬರೀಬೇಕು ಅನ್ನಿಸ್ತಿತ್ತು. ನಡೆಯೋರಿಗೆ ಫುಟ್‌ಪಾತ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ತಳ್ಳುಗಾಡಿ ಹತ್ರ ಚಿತ್ರಾನ್ನ, ಇಡ್ಲಿ ತಿಂದು ಕೆಲಸಕ್ಕೆ ಹೋಗೋರೂ ಆ ಊರಿನವರೇ ಅಲ್ವಾ? ಸರ್ವೆ ಮುಗಿಸಿ ಸರ್ಟಿಫಿಕೇಟ್ ಕೊಡೋ ತನಕ ಬೀದಿ ವ್ಯಾಪಾರಿಗಳನ್ನ ಎಬ್ಬಿಸೋ ಹಾಗಿಲ್ಲ ಅಂತ 2014ರ ಕಾಯ್ದೆಯೇ ಹೇಳತ್ತೆ. ಬಸ್ ಸ್ಟ್ಯಾಂಡ್, ಮೆಟ್ರೋ ಸ್ಟೇಷನ್ ಪಕ್ಕ, ಗಿರಾಕಿ ನಡ್ಕೊಂಡು ಬರೋ ದೂರದಲ್ಲಿ ಸೂರು, ನೀರು, ಚರಂಡಿ ಇರೋ ಜಾಗ ಮೊದಲು ಕಟ್ಟಿ, ಕೈಗೆಟಕೋ ಬಾಡಿಗೆ ಇಟ್ಟು, ಆಮೇಲೆ ಗಾಡಿ ಎತ್ತಿಸಿ ಅಂತ ಪಾಲಿಕೆಯವರನ್ನ ಕೇಳ್ಕೋತೀನಿ.

– ಒಬ್ಬ ಓದುಗ, ಸಿಂಗಾಪುರ