ಬೇಡವಾದ ದಿನದ ಭಯ

ಪುತ್ತೂರು

ಪ್ರೀತಿಯ ಸುಜಾತಾ,

ನಿನ್ನ ಪತ್ರದ ಕೊನೆಯ ಸಾಲು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. "ಇವರಿಗೆ ನಾವು ಬೇಡವಾದ ದಿನ ಹೊರಗೆ ಹಾಕಿಬಿಡ್ತಾರಾ ದೊಡ್ಡಪ್ಪ?" ಅಂತ ಅಲ್ಲಿಯ ಬ್ರಿಟನ್ನಿನವರ ಬಗ್ಗೆ ಕೇಳಿದ್ದೀಯ. ಊರಿನ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಾನು ಇದೊಂದಕ್ಕೇ ಬರೆಯುತ್ತಿದ್ದೇನೆ.

ಹಾಗೆಲ್ಲ ಆಗೋದಿಲ್ಲ ಮಗಳೇ ಅಂತ ಬರೆಯೋಣ ಅಂತಲೇ ಕೂತೆ. ಕೈ ಬರಲಿಲ್ಲ. 2022ರ ಫೆಬ್ರವರಿಯಲ್ಲಿ ಜನ ಸಾಲದು ಅಂತ ನಿಮ್ಮ ಕೆಲಸಕ್ಕೆ ವೀಸಾ ಕೊಡಲು ಶುರು ಮಾಡಿದವರು ಬ್ರಿಟನ್ನಿನವರೇ. ಆಗ ಇಂಗ್ಲೆಂಡಿನ ಕೇರ್ ಕೆಲಸದಲ್ಲಿ, ಅಂದರೆ ವಯಸ್ಸಾದವರನ್ನೂ ಕೈಲಾಗದವರನ್ನೂ ನೋಡಿಕೊಳ್ಳುವ ಕೆಲಸದಲ್ಲಿ, ಸುಮಾರು 1,65,000 ಜಾಗ ಖಾಲಿ ಇತ್ತಂತೆ. 2024ರ ಮಾರ್ಚಿನಲ್ಲಿ, ಹೊಸದಾಗಿ ಬರುವವರು ಗಂಡ ಮಕ್ಕಳನ್ನು ಕರೆತರುವಂತಿಲ್ಲ ಅಂದರು. 2025ರ ಜುಲೈ 22ಕ್ಕೆ ಹೊರದೇಶದಿಂದ ಕರೆಸುವುದನ್ನೇ ನಿಲ್ಲಿಸಿದರು. ಮೂರೂವರೆ ವರ್ಷವೂ ತುಂಬಿರಲಿಲ್ಲ. ಹಾಗಾಗಿ ನಿನ್ನ ಭಯ ಸುಮ್ನೆ ಹುಟ್ಟಿದ್ದಲ್ಲ.

ನನಗೂ ಆ ಭಯ ಗೊತ್ತು. 1990ರ ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ನಾನು ಅಲ್ಲಿಯ ಒಂದು ಕಿರಾಣಿ ಅಂಗಡಿಯಲ್ಲಿದ್ದೆ. ಸಾಹುಕಾರ ರಾತ್ರೋರಾತ್ರಿ ದೇಶ ಬಿಟ್ಟ. ನಮ್ಮ ಪಾಸ್‌ಪೋರ್ಟು ಅವನ ಕಪಾಟಿನಲ್ಲಿತ್ತು. ಎಂಬಸಿಯವರು ಕೊಟ್ಟ ಒಂದು ಕಾಗದ ಹಿಡಿದು ಬಸ್ಸಿನಲ್ಲಿ ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನಿಗೆ, ಅಲ್ಲಿಂದ ಏರ್ ಇಂಡಿಯಾದಲ್ಲಿ ಮುಂಬೈಗೆ. ಹಾಗೆ ಬಂದ ನಮ್ಮವರು ಸುಮಾರು 1 ಲಕ್ಷ 70 ಸಾವಿರ. ಬನಿಯನ್ನಿಗೆ ಜೇಬು ಹೊಲಿದು ದಿನಾರ್ ಇಟ್ಟುಕೊಂಡಿದ್ದೆ. ಅಮ್ಮಾನಿನಲ್ಲಿ ತೆಗೆದಾಗ ಬೆವರಿಗೆ ನೋಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಲ್ಲಗೆ ಬಿಡಿಸಿ ಕೊಟ್ಟೆ. ಆ ದುಡ್ಡು ನಡೆಯೋದಿಲ್ಲ ಅಂತ ಅಂಗಡಿಯವನು ವಾಪಸ್ ತಳ್ಳಿದ.

ಯುದ್ಧ ಮುಗಿದ ಮೇಲೆ ಸಾಹುಕಾರನಿಗೆ ಎರಡು ಪತ್ರ ಹಾಕಿದೆ. ಏಳು ವರ್ಷ ಅವನ ಅಂಗಡಿಯ ಬಾಗಿಲು ತೆಗೆದವನು ನಾನು. ಒಂದು ಸಾಲಿನ ಉತ್ತರ ಬರಲಿಲ್ಲ. ನನಗೆ ದುಡ್ಡಿಗಿಂತ ಜಾಸ್ತಿ ನೋವಾದದ್ದು ಅದು.

ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಇದೆ ಅಲ್ವಾ? ಯಾರಿಗೂ ಕೊಡಬೇಡ.

ಈಗ ಒಂದು ಮಾತು ಹೇಳಬೇಕು. ಮನೆಯಲ್ಲಿ ಯಾರಿಗೂ ಹೇಳಿಲ್ಲ. 2020ರ ಮೇ ತಿಂಗಳು ನಮ್ಮ ತೋಟದಲ್ಲಿ ಜಾರ್ಖಂಡಿನ ಹುಡುಗನೊಬ್ಬ ಇದ್ದ. ಲಾಕ್‌ಡೌನ್. ಅವನಿಗೆ ಊರಿಗೆ ಹೋಗಬೇಕು, ತಾಯಿಗೆ ಹುಷಾರಿಲ್ಲ. ನನಗೋ ಮಳೆಗೆ ಮುಂಚೆ ಅಡಿಕೆಗೆ ಮದ್ದು ಬಿಡಬೇಕು, ಇಲ್ಲದಿದ್ದರೆ ಕೊಳೆರೋಗ. ಮರ ಹತ್ತುವವರು ಸಿಗೋದಿಲ್ಲ. ಅದೇ ವಾರ ನಮ್ಮ ಸರ್ಕಾರವೂ ಕೂಲಿಯವರು ಹೋಗಿಬಿಟ್ಟರೆ ಕೆಲಸ ನಿಲ್ಲುತ್ತದೆ ಅಂತ ಅವರ ರೈಲು ನಿಲ್ಲಿಸಿತ್ತು. ಜನ ಬೈದ ಮೇಲೆ ಮತ್ತೆ ಬಿಟ್ಟರು. ನಾನೂ ಅದನ್ನೇ ಮಾಡಿದೆ. ಮದ್ದು ಮುಗಿಸಿ ಹೋಗು ಅಂತ ಎರಡು ವಾರದ ಕೂಲಿ ಹಿಡಿದಿಟ್ಟುಕೊಂಡೆ. ಒಂದು ಬೆಳಗ್ಗೆ ನೋಡಿದರೆ ಪಂಪ್ ಶೆಡ್ಡಿನಲ್ಲಿ ಅವನ ಚಾಪೆ ಮಡಚಿಟ್ಟಿತ್ತು. ದುಡ್ಡು ಕೇಳದೆ ಹೋಗಿದ್ದ. ಅವನ ನಂಬರ್ ಆಮೇಲೆ ಹತ್ತಲೇ ಇಲ್ಲ.

ಆ ಸಾಹುಕಾರನಿಗೂ ನನಗೂ ಏನು ವ್ಯತ್ಯಾಸ ಉಳಿಯಿತು ಹೇಳು.

ಕೆಲಸಕ್ಕೆ ಜನ ಇಲ್ಲ ಅಂತ ಸೊಸೈಟಿಯಲ್ಲಿ ದಿನಾ ಗೋಳಾಡುವವರಲ್ಲಿ ನಾನೂ ಒಬ್ಬ. ನಾನು ಕೊಡುವ ಕೂಲಿಗೆ ಜನ ಇಲ್ಲ ಅನ್ನೋದು ನಿಜವಾದ ಮಾತು. ಅಲ್ಲಿಯವರೂ ಕೂಲಿ ಏರಿಸಿದರೆ ನಮ್ಮವರೇ ಬರುತ್ತಾರೆ ಅಂತ ವಾದ ಮಾಡುತ್ತಿದ್ದಾರೆ ಅಂತ ಬರೆದಿದ್ದೀಯ. ಅದು ಪೂರ್ತಿ ಸುಳ್ಳಲ್ಲ. ಆದರೆ ನೀನು ನೋಡಿಕೊಳ್ಳುವ ಆ ಅಜ್ಜಿಗೆ ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸುತ್ತಿರುವವಳು ನೀನು. ಅವರು ಏನೇ ವಾದ ಮಾಡಲಿ, ನಿನ್ನ ಮೇಲೆ ಸಿಟ್ಟಾಗಲು ಕಾರಣ ಇಲ್ಲ.

ನನಗೆ ಅಲ್ಲಿಯ ಕಾನೂನು ಅಷ್ಟು ತಿಳಿಯದು, ತಪ್ಪಿದ್ದರೆ ಬಿಟ್ಟುಬಿಡು. ಈಗಾಗಲೇ ಒಳಗಿರುವವರು 2028ರ ಜುಲೈವರೆಗೆ ವೀಸಾ ಮುಂದುವರಿಸಬಹುದು ಅಂತ ಇದೆ. ಅಷ್ಟರೊಳಗೆ ನಿನ್ನ ನರ್ಸಿಂಗ್ ಓದಿಗೆ ಅಲ್ಲಿಯ ರಿಜಿಸ್ಟ್ರೇಷನ್ ಆಗುತ್ತದಾ ನೋಡು. ಹೊರದೇಶದವರನ್ನು ಕೆಲಸಕ್ಕಿಟ್ಟುಕೊಳ್ಳುವ ಲೈಸೆನ್ಸ್ ನಿನ್ನ ಕಂಪನಿಗೆ ಹೋದರೆ ಬೇರೆ ಕೆಲಸ ಹುಡುಕಲು ಸಿಗುವುದು 60 ದಿನ ಅಂತೆ. ಅದು ಏನೂ ಸಾಲದು. ಹಾಗಾಗಿ ಯೂನಿಯನ್ನಿಗೆ ಈಗಲೇ ಸೇರು. ದುಡ್ಡು ಕೇಳುವ ಆ ಹೊಸ ಏಜೆಂಟನ ಸಹವಾಸ ಬೇಡ.

ಮತ್ತೆ ಅದೇ ಪ್ರಶ್ನೆಗೆ ಬರುತ್ತಿದ್ದೇನೆ. ಹೊರಗೆ ಹಾಕುತ್ತಾರಾ? ಹಾಕಬಹುದು. ಹಾಗೇನಾದರೂ ಆದರೆ ನೀನು ತಲೆ ತಗ್ಗಿಸಿಕೊಂಡು ಬರುವುದು ಬೇಡ. ನಾನು ಅಮ್ಮಾನಿನಿಂದ ಬಂದಾಗ ಆರು ತಿಂಗಳು ಪೇಟೆಗೆ ಹೋಗಲಿಲ್ಲ, ಯಾರೋ ಏನೋ ಕೇಳುತ್ತಾರೆ ಅಂತ. ನಿನಗೆ ಮೇಲಿನ ಕೋಣೆ ಇದೆ. ದೊಡ್ಡಮ್ಮ ಅಲ್ಲಿಂದ ಅಡಿಕೆ ಗೋಣಿ ತೆಗೆಸಿದ್ದಾಳೆ.

ಪೇ ಸ್ಲಿಪ್, ವೀಸಾ ಕಾಗದ, ಎಲ್ಲದರ ಫೋಟೋ ತೆಗೆದು ನನಗೆ ಕಳಿಸು. ಒಂದು ಪ್ರತಿ ಇಲ್ಲಿರಲಿ. ಇವತ್ತೇ ಕಳಿಸು, ರಜೆಯ ದಿನ ನೋಡೋಣ ಅನ್ನಬೇಡ.

ನಿನ್ನ
ದೊಡ್ಡಪ್ಪ